ಎಂಟನೆಯ ಸ್ಯಾಂಪಲ್

ಜೂನ್ 4
ಬರೆಯಬೇಕಂತೆ. ದಿನಾ. ಜ್ವರ ಎಷ್ಟು, ಕೀವು ಎಷ್ಟು, ಏನು ಮುಟ್ಟಿದೆ — ಎಲ್ಲ. ಡಾಕ್ಟರಮ್ಮನ ಅಪ್ಪಣೆ. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟು ಟೈಲರ್ ಕತ್ತರಿ ಹಿಡಿದವನು ನಾನು. ಕೊಳೆಯುತ್ತಿರುವುದು ಬಲಗೈ ಹೆಬ್ಬೆರಳು, ಬರೆಯುವುದು ಎಡಗೈಯಲ್ಲಿ. ಅಕ್ಷರಗಳು ಕುಡಿದವನ ಹಾಗೆ ನಡೆಯುತ್ತಿವೆ. ನಡೆಯಲಿ.
ಜ್ವರ ನೂರಾ ಎರಡು ಎಂದು ಬರೆದೆ. ಹೆಂಡತಿ ಇಣುಕಿದಳು. “ಸಿಟ್ಟನ್ನೂ ಸೇರಿಸಿ ಬರೀಬೇಡಿ. ಥರ್ಮಾಮೀಟರ್ ನೋಡಿ ಬರೀರಿ.”
ನೂರು.

ಜೂನ್ 6
ಬೆರಳಿಗೆ ಕೀವು ಹಿಡಿದು ಐದು ತಿಂಗಳಾಯಿತು. ನಾಲ್ಕು ಬಗೆ ಮಾತ್ರೆ. ಮೂರು ಸಲ ಕೀವು ತೆಗೆದು ಲ್ಯಾಬಿನಲ್ಲಿ ಬೆಳೆಸಿ ನೋಡಿದರು. ಏನೂ ಬೆಳೆಯಲಿಲ್ಲ. ಅವರ ತಟ್ಟೆಯಲ್ಲಿ ಬೆಳೆಯದ್ದು ನನ್ನ ಬೆರಳಲ್ಲಿ ಹೇಗೆ ಬೆಳೆಯುತ್ತೆ? ಕೇಳಿಯೇಬಿಟ್ಟೆ.
“ಕೆಲವು ಬ್ಯಾಕ್ಟೀರಿಯಾ ಹಾಗೇ ಯಜಮಾನ್ರೇ, ಬಲು ಹಟಮಾರಿ. ಅದರ ಡಿಎನ್ಎ ಓದಿಸೋಣ. ಯಾವುದು ಅಂತ ಗೊತ್ತಾದ್ರೆ ಸರಿಯಾದ ಔಷಧಿ ಕೊಡ್ತೀನಿ” ಎಂದರು ಡಾಕ್ಟರಮ್ಮ.
ಒಂದು ಚೂರು ಮಾಂಸ ಕತ್ತರಿಸಿ ಬೇರೆ ಲ್ಯಾಬಿಗೆ ಕಳಿಸಿದರು. ಸರ್ಜನ್ ಇಪ್ಪತ್ತೊಂದಕ್ಕೆ ದಿನ ಇಟ್ಟಿದ್ದಾನೆ. ಅಷ್ಟರೊಳಗೆ ರಿಪೋರ್ಟ್ ಬರದಿದ್ದರೆ ಹೆಬ್ಬೆರಳು ತೆಗೆಯುವುದು. ಮೂಳೆಗೆ ಇಳಿಯುತ್ತಿದೆಯಂತೆ. ಆಮೇಲೆ ಕತ್ತರಿ ಯಾವುದರಲ್ಲಿ ಹಿಡಿಯಲಿ... ಮೂಗಿನಲ್ಲಾ?

ಜೂನ್ 14
ಸುದ್ದಿಯೇ ಇಲ್ಲ. ಲ್ಯಾಬಿಗೇ ಹೋದೆ. ಕೌಂಟರಿನವನು ಕಂಪ್ಯೂಟರ್ ನೋಡಿದ.
“ನಿಮ್ಮದು ಫ್ರಿಜ್ಜಲ್ಲಿದೆ ತಾತ. ಎಂಟು ಸ್ಯಾಂಪಲ್ ಸೇರಿದ್ರೆ ಮೆಷಿನ್ ಹಾಕೋದು. ಐದು ಬಂದಿದೆ.”
“ನಾನೇನು ವ್ಯಾನಿನ ಸೀಟಾ, ತುಂಬೋ ತನಕ ಕಾಯೋಕೆ?”
“ಕಮ್ಮಿಗೆ ಹಾಕಿದ್ರೆ ಎಂಟು ಜನಕ್ಕಾಗೋ ಕಿಟ್ ದಂಡ.”
“ನನ್ನ ಬೆರಳು?”
ಫೋನ್ ಎತ್ತಿಕೊಂಡ.

ಜೂನ್ 16
ಸ್ಯಾಂಪಲ್ ಏಳಾಗಿದೆಯಂತೆ. ಇನ್ನೊಬ್ಬನಿಗೆ ಕೀವಾಗಲಿ ಎಂದು ಬೆಳಿಗ್ಗೆಯಿಂದ ಕಾಯುತ್ತಾ ಕೂತಿದ್ದೇನೆ. ಯಾರ ಮನೆಯವನೋ, ಏನೋ. ಥೂ. ಎಂಥ ಬುದ್ಧಿ ಕಲಿಸಿಬಿಟ್ಟರು ನನಗೆ.

ಜೂನ್ 17
ಮತ್ತೆ ಹೋದೆ. ಹೆಂಡತಿಯೂ ಹೊರಟಳು. “ನೀವು ಗಾಜು ಒಡೆದ್ರೆ ಬಿಡಿಸ್ಕೊಂಡು ಬರೋಕೆ ಒಬ್ರು ಬೇಕಲ್ಲ.”
ಪಟ್ಟಿ ಬಿಚ್ಚಿ ಕೌಂಟರಿನ ಮೇಲೆ ಕೈ ಇಟ್ಟೆ. “ಎಂಟನೇದೂ ನಂದೇ ತಗೊಳ್ಳಿ. ಬೇಕಾದಷ್ಟಿದೆ.”
ಕೌಂಟರಿನವನು ಕುರ್ಚಿ ಸಮೇತ ಹಿಂದೆ ಸರಿದ. “ದೊಡ್ಡವರನ್ನ ಕೇಳಿ ಹೇಳ್ತೀನಿ ತಾತ.”
ಯಾರನ್ನೂ ಕೇಳಲಿಲ್ಲ. ಮೆಷಿನ್ ಎರಡು ದಿನ ಓಡಬೇಕಂತೆ. ನಾಳೆ ಹಾಕಿದರೆ ಇಪ್ಪತ್ತಕ್ಕೆ ರಿಪೋರ್ಟ್. ಮರುದಿನವೇ ಕೊಯ್ಯುವುದು. ಬರೆದು ಕೊಟ್ಟರೆ ಉತ್ತರ ಕೊಡಲೇಬೇಕು ಎನ್ನುತ್ತಾಳೆ ಇವಳು. ಬರೆಯುತ್ತಿದ್ದೇನೆ, ಈ ಹಾಳೆಯನ್ನೇ ಹರಿದು ಕೊಡುತ್ತೇನೆ.
ಏಳು ಸ್ಯಾಂಪಲ್ಲಿಗೇ ಮೆಷಿನ್ ಹಾಕುತ್ತೀರೋ ಇಲ್ಲವೋ? ಹದಿನೆಂಟನೇ ತಾರೀಕು ಮಧ್ಯಾಹ್ನದೊಳಗೆ ಉತ್ತರ ಬೇಕು.