ಕ್ಯಾಲ್ಸಿಯಂ ತೆಗೆದ ಜಾಗ

ಮೇಡಂ,

"ಮೈಗಂಟಿದ ನೀರನ್ನು ಬಿಟ್ಟು ಬಂದರೇ ಮನೆ ಸಿಗುವುದು..." ನೀವು ಹೇಳಿದ್ದು ಹೀಗೇ ಅಲ್ಲವೇ? ಮುಂದೆ ಇನ್ನೇನೋ ಇತ್ತು, ಮರೆತಿದ್ದೇನೆ. ಕ್ಯಾಲ್ಸಿಯಂ ಅಯಾನು ತನ್ನನ್ನು ಸುತ್ತಿಕೊಂಡ ನೀರಿನ ಅಣುಗಳನ್ನು ಕಳಚಿ ಪ್ರೋಟೀನಿನ ಕುಳಿಯೊಳಗೆ ಕೂರುವುದನ್ನು ವಿವರಿಸುತ್ತ ಅಂದಿದ್ದಿರಿ. ಆಗ ಅದು ನನಗೆ ಕವಿತೆಯ ಹಾಗೆ ಕೇಳಿಸಿತ್ತು. ಈಗ ಅನುಮಾನ. ಕೂರಲು ಕುಳಿಯೇ ತೆರೆದಿಲ್ಲದಿದ್ದರೆ ಅದು ನೀರನ್ನಾದರೂ ಯಾಕೆ ಬಿಟ್ಟೀತು?

ಚಂದ್ರಾ ಲೇಔಟಿನ ನಿಮ್ಮ ಮನೆಯ ಹಿಂದಿನ ಕೋಣೆ ನೆನಪಾಗುತ್ತದೆ. ನಿವೃತ್ತಿಯಾದ ಮೇಲೆ, ಕ್ಯಾಲ್ಸಿಯಮ್ಮಿನ ಈ ಓಡಾಟವನ್ನು ಲೆಕ್ಕದಿಂದಲೇ ಪರದೆಯ ಮೇಲೆ ಆಡಿಸಿ ನೋಡಲು, ಅಲ್ಲಿ ಕಂಪ್ಯೂಟರ್ ಇಟ್ಟುಕೊಂಡಿರಿ. ಮಹಡಿಯಲ್ಲಿ ಬಾಡಿಗೆಗಿದ್ದ, ನಲವತ್ತು ದಾಟಿದ ನನ್ನನ್ನೂ ಈ ಕೆಲಸಕ್ಕೆ ಎಳೆದುಕೊಂಡಿರಿ. ದಿನಗಟ್ಟಲೆ ಲೆಕ್ಕ ಹಾಕಿ ಯಂತ್ರ ಬಿಸಿಯಾಗುತ್ತಿತ್ತು. ಚಳಿಗಾಲದಲ್ಲಿ ಇಡ್ಲಿ ಹಿಟ್ಟಿನ ಪಾತ್ರೆಯನ್ನು ಅದರ ಪಕ್ಕ ತಂದಿಡುತ್ತಿದ್ದಿರಿ. "ಕ್ಯಾಲ್ಸಿಯಂ ಬರ್ಲಿ ಬಿಡ್ಲಿ, ಹಿಟ್ಟಂತೂ ಉಬ್ಬತ್ತೆ ಕಣೇ."

ಒಂದು ದಿನ ಅದು ಬಂತು. ಹೃದಯದ ಸ್ನಾಯುವಿಗೆ 'ಕುಗ್ಗು' ಎಂದು ಸೂಚನೆ ಕೊಡುವ ಆ ಪ್ರೋಟೀನಿನ ಕುಳಿಗೆ, ಪರದೆಯ ಮೇಲೆ, ನಮ್ಮ ಕಣ್ಣೆದುರೇ ಬಂದು ಕೂತಿತು. ನೀವು ನನ್ನ ಕೈ ಹಿಡಿದುಕೊಂಡಿರಿ. ಜೀವಮಾನವೆಲ್ಲ ಬೇರೆಯವರ ಪ್ರಬಂಧಗಳ ಕೊನೆಯಲ್ಲಿ ಒಂದು ಸಾಲಿನ ಧನ್ಯವಾದ ಪಡೆದವರು ನೀವು. ಇದನ್ನು ಕುರಿತು ನಾವು ಬರೆದ ಪ್ರಬಂಧವೊಂದರಲ್ಲೇ ನಿಮ್ಮ ಹೆಸರು ಮೊದಲಿತ್ತು. ಅದು ಅಚ್ಚಾದ ಮೂರನೆಯ ವಾರ, ಆ ಬೆಳಿಗ್ಗೆ, ನಿಮ್ಮ ಎದೆಯೊಳಗೆ ಅದೇ ಪ್ರೋಟೀನು 'ಕುಗ್ಗು' ಎನ್ನುವುದನ್ನು ನಿಲ್ಲಿಸಿ...

ಕಳೆದ ತಿಂಗಳು ಹಳೆಯ ಫೈಲು ತೆರೆದೆ. ಲೆಕ್ಕ ಶುರುಮಾಡಲು ಬೇಕಾದ ಪ್ರೋಟೀನಿನ ರಚನೆಯನ್ನು ಸಿದ್ಧಮಾಡಿದವಳು ನಾನು. ನಮಗೆ ಖಾಲಿ ಪ್ರೋಟೀನ್ ಬೇಕಿತ್ತು. ನಾನು ಕ್ಯಾಲ್ಸಿಯಂ ಕೂತಿದ್ದ ರಚನೆಯನ್ನೇ ತೆಗೆದುಕೊಂಡು ಕ್ಯಾಲ್ಸಿಯಮ್ಮನ್ನು ಮಾತ್ರ ಅಳಿಸಿದ್ದೆ. ಅಲುಗಾಡಿ ಕೆಡದಿರಲೆಂದು ಕುಳಿಯ ಸುತ್ತಲಿನ ಭಾಗವನ್ನು ಬಿಗಿದೂ ಇದ್ದೆ. ಹೋದದ್ದರ ಅಳತೆಗೇ ಜಾಗ ತೆರೆದಿತ್ತು. ಅದು ಮರಳಿ ಬಂದು ಕೂರದೆ ಇನ್ನೇನು ಮಾಡೀತು? ಈಗ ನಿಜವಾಗಿ ಖಾಲಿಯಿರುವ ಪ್ರೋಟೀನಿನಿಂದ ಶುರುಮಾಡಿ ಅದೇ ಲೆಕ್ಕವನ್ನು ಹದಿನೇಳು ಸಲ ಓಡಿಸಿದೆ. ಕ್ಯಾಲ್ಸಿಯಂ ಹತ್ತಿರ ಬರುತ್ತದೆ, ನೀರಿನ ಸಮೇತ ಸುಳಿದಾಡುತ್ತದೆ, ಹೊರಟುಹೋಗುತ್ತದೆ. ಹದಿನೇಳು ಸಲವೂ.

ನಿಮಗೆ ತಲುಪದ ಸುದ್ದಿಯೊಂದಿದೆ. ನಮ್ಮ ಪ್ರಬಂಧವನ್ನು ಹಿಂತೆಗೆದುಕೊಳ್ಳಿ ಎಂದು ಇವತ್ತು ಮಧ್ಯಾಹ್ನ ಅದನ್ನು ಅಚ್ಚುಮಾಡಿದ ಪತ್ರಿಕೆಯವರಿಗೆ ಬರೆದೆ. ತಪ್ಪು ನನ್ನೊಬ್ಬಳದೇ ಎಂದು ಬರೆದಿದ್ದೇನೆ. ಆದರೂ 'ರದ್ದು' ಎಂಬ ಮಾತು ಬೀಳುವುದು ನಿಮ್ಮ ಹೆಸರಿನ ಮೇಲೆ. ಇದ್ದಿದ್ದರೆ ನೀವೇ ಬರೆಯುತ್ತಿದ್ದಿರಿ, ನನಗೆ ಬೈದು, ಆಮೇಲೆ ಕಾಫಿ ಕೊಟ್ಟು... ಹಾಗೆಂದುಕೊಳ್ಳುವುದೂ ನನ್ನ ಅನುಕೂಲಕ್ಕೇ ಇರಬಹುದೇ?

ಕಳಿಸಿ ಕಂಪ್ಯೂಟರ್ ಆರಿಸುತ್ತಿದ್ದೆ. ಎದುರುಮನೆಯ ಜಯಮ್ಮ ಬಾಗಿಲು ತಟ್ಟಿದರು. ನಾಳಿದ್ದು ನಿಮ್ಮ ವರ್ಷದ ತಿಥಿ, ಕೆಂಗೇರಿಯ ನಿಮ್ಮ ತಮ್ಮ ಮಾಡಿಸುತ್ತಿದ್ದಾರೆ. ಫೋಟೋಕ್ಕೆ ಕಟ್ಟು ಹಾಕಿಸುವ ಕೆಲಸ ಜಯಮ್ಮನದು. ಒಳಗೆ ಬನ್ನಿ ಎಂದರೂ ಬರಲಿಲ್ಲ, ಹೊಸ್ತಿಲಾಚೆಯೇ ನಿಂತು ಹೇಳಿದರು:

"ಸುಧಾ, ಮೇಡಂ ಬರ್ದಿದ್ದು ಅಚ್ಚಾಗಿ ಬಂದಿತ್ತಲ್ಲ, ಅದರ ಮೊದ್ಲ ಪುಟ ಒಂದು ಜೆರಾಕ್ಸ್ ಕೊಡಮ್ಮ. ಫೋಟೋ ಪಕ್ಕ ಅದನ್ನೂ ಕಟ್ಟು ಹಾಕಿಸ್ತೀನಿ. ನಂಗೆ ಒಂದಕ್ಷರ ತಿಳಿಯಲ್ಲ ಬಿಡು. ಆದ್ರೆ ಅವ್ರ ಹೆಸ್ರು ಎಲ್ಲಾರ್ಗಿಂತ ಮುಂದೆ ಇದೆ ಅಲ್ವಾ?"