ಮೊಹರು ಬಿದ್ದ ಶಾಕ್ ಅಬ್ಸಾರ್ಬರ್, ಹೊಂದದ ಸಹಿ

ವಾಹನಗಳ ಅರ್ಹತೆಯನ್ನು ಕುರ್ಚಿಯಿಂದಲೇ ಅಳೆಯಬಲ್ಲ ಮಾನ್ಯ ಅಧಿಕಾರಿಗಳೇ,

ನಮ್ಮ ಪಿಕಪ್ಪಿಗೆ ಅರ್ಹತಾ ಪತ್ರ ಕೊಡಲು ತಾವು ನಿರಾಕರಿಸಿದ್ದೀರಿ. ಷರಾದಲ್ಲಿ ಎರಡು ಕಾರಣ ಬರೆದಿದ್ದೀರಿ. ಹಿಂದಿನ ಶಾಕ್ ಅಬ್ಸಾರ್ಬರ್‌ಗಳನ್ನು ಮನೆಯಲ್ಲೇ ಬದಲಾಯಿಸಿದ್ದೇವೆ, ಅದಕ್ಕೆ ಅಧಿಕೃತ ಗ್ಯಾರೇಜಿನ ಮೊಹರಿಲ್ಲ ಎನ್ನುವುದು ಒಂದು. ಅರ್ಜಿಯ ಮೇಲಿನ ಮಾಲೀಕರ ಸಹಿ ತಮ್ಮ ಕಡತದ ಸಹಿಗೆ ಹೊಂದುವುದಿಲ್ಲ ಎನ್ನುವುದು ಇನ್ನೊಂದು. ಸಹಿಯ ಮಾತು ಆಮೇಲೆ ಆಡುತ್ತೇನೆ. ಮೊದಲು ಮೊಹರಿನ ಮಹಿಮೆ ಕೇಳಿ.

ಮಾಲೀಕರು ನನ್ನ ಗಂಡ. ಕಿಟಕಿಗಳಿಗೆ ಗಾಜು ಕತ್ತರಿಸಿ ಕೂರಿಸುವುದು ಅವರ ಕಸುಬು, ಗಾಡಿ ಓಡಿಸುವುದು ನನ್ನದು. ಕಳೆದ ವರ್ಷ ಗುಂಡಿಗೆ ಇಳಿದಾಗಲೆಲ್ಲ ಗಾಡಿಯ ಹಿಂಭಾಗ ಮೂರು ಮೂರು ಸಲ ಕುಣಿಯತೊಡಗಿತು. ತಮ್ಮ ಕಚೇರಿಯ ಮೇಲೆ ನಮಗೆ ಭಕ್ತಿಯಿದ್ದ ಕಾಲ ಅದು. ತಾವು ಒಪ್ಪಿದ ಗ್ಯಾರೇಜಿಗೇ ಬಿಟ್ಟೆವು. "ಹೊಸದು ಹಾಕಿದ್ದೀವಿ ಅಕ್ಕ, ಕಣ್ಣು ಮುಚ್ಕೊಂಡು ಓಡಿಸಿ" ಎಂದು ಮೊಹರೊತ್ತಿದ ಚೀಟಿ ಕೊಟ್ಟರು. ಕಣ್ಣು ಮುಚ್ಚಿಕೊಂಡವರು ತಾವು. ಚೀಟಿ ನೋಡಿ, ಗಾಡಿಯ ಕೆಳಗೆ ಇಣುಕದೆ, ಅರ್ಹತಾ ಪತ್ರ ಕೊಟ್ಟಿರಿ.

ಗಾಜಿನ ಕೆಲಸದವರಲ್ಲಿ ಒಂದು ರೂಢಿಯಿದೆ. ಸರಕು ಹೊರಟಾಗ ಒಬ್ಬರು ಹಿಂದೆ ಕೂತು ಗಾಜಿನ ಹಾಳೆಗಳಿಗೆ ಅಂಗೈ ಆನಿಸಿಕೊಂಡಿರುತ್ತಾರೆ. ಗಾಜು ಅಲುಗುವುದು ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ. ಹಾಗೆ ಕೂರಬಾರದೆಂಬ ನಿಯಮ ನನಗೂ ಗೊತ್ತು, ಆ ತಪ್ಪು ನಮ್ಮದೇ, ಬರೆದುಕೊಳ್ಳಿ. ಚೀಟಿ ಕೈಸೇರಿದ ಇಪ್ಪತ್ತನೆಯ ದಿನ ಸೇತುವೆ ಇಳಿಯುವಲ್ಲಿ ಗಾಡಿಯ ಹಿಂಭಾಗ ಎಗರಿತು, ಹಾಳೆಗಳು ಜಾರಿದವು, ಹಿಂದೆ ಕೂತಿದ್ದ ಇವರು ಬಲಗೈ ಒಡ್ಡಿದರು. ಸ್ಟೀರಿಂಗ್ ಹಿಡಿದಿದ್ದವಳು ನಾನು. ಆ ಕೈಯ ಮೂರು ಬೆರಳು ಇವತ್ತಿಗೂ ಮಡಚುವುದಿಲ್ಲ.

ಆಮೇಲೆ ನಾನೇ ಗಾಡಿಯ ಕೆಳಗೆ ಮಲಗಿ ನೋಡಿದೆ. ಹೊಸದು ಎಂದಿದ್ದರಲ್ಲ, ಎರಡೂ ಹಳೆಯವೇ. ಸೋರಿದ ಎಣ್ಣೆಗೆ ಮೆತ್ತಿದ ಧೂಳಿನ ಮೇಲೆಯೇ ಕಪ್ಪು ಬಣ್ಣ ಬಳಿದಿದ್ದರು. ನಟ್ಟಿನ ತುಕ್ಕಿನ ಮೇಲೆ ಸ್ಪ್ಯಾನರ್ ತಾಗಿದ ಒಂದು ಗೀರೂ ಇರಲಿಲ್ಲ. ಒಂದು ನಿಮಿಷ ಬಗ್ಗಿ ನೋಡಿದ್ದರೆ ತಮಗೂ ಕಾಣುತ್ತಿತ್ತು. ತಮ್ಮ ಸೊಂಟಕ್ಕೆ ಅಷ್ಟೊಂದು ಬೆಲೆಯೇ?

ಹೊಸ ಜೋಡಿ ತಂದು ಮನೆಯ ಮುಂದೆಯೇ ಹಾಕಿದೆವು. ಇವರು ಸ್ಟೂಲಿನ ಮೇಲೆ, ನಾನು ಗೋಣಿಚೀಲದ ಮೇಲೆ.

"ಜಾಕ್ ಒಂದನ್ನೇ ನಂಬ್ಕೊಂಡು ಒಳಗೆ ನುಗ್ಗಬೇಡ. ಸ್ಟ್ಯಾಂಡ್ ಕೊಟ್ಯಾ?"

"ಕೊಟ್ಟೆ ರೀ. ನಟ್ಟು ಜಪ್ಪಯ್ಯ ಅಂದ್ರೂ ಅಲ್ಲಾಡ್ತಿಲ್ಲ."

"ನಟ್ಟಿಗೆ ಎಣ್ಣೆ ಬಿಟ್ಟು ಒಂದು ಲೋಟ ಕಾಫಿ ಕುಡಿ. ಅದಕ್ಕೂ ಸ್ವಲ್ಪ ಹೊತ್ತು ಬೇಕು."

ಕಾಫಿ ಮುಗಿಯುವಷ್ಟರಲ್ಲಿ ನಟ್ಟು ಮಣಿಯಿತು. ಹಳೆಯದನ್ನು ಬಿಚ್ಚಿ ಒತ್ತಿದೆ, ಒತ್ತಿದಲ್ಲೇ ಬಿದ್ದುಕೊಂಡಿತು. ಹೊಸದನ್ನು ಅದುಮಿ ಕಟ್ಟಿದ್ದ ಪಟ್ಟಿ ಕತ್ತರಿಸಿದೊಡನೆ ಅದು ತಾನಾಗಿಯೇ ನಿಧಾನಕ್ಕೆ ಚಾಚಿಕೊಂಡಿತು. ಖುಷಿಗೆ ಬೋಲ್ಟುಗಳನ್ನೆಲ್ಲ ಬಿಗಿದುಬಿಟ್ಟೆ. "ಚಕ್ರ ನೇತಾಡ್ತಿರೋವಾಗ ಬಿಗೀಬೇಡ ಅಂದಿದ್ನಲ್ಲ. ನೆಲಕ್ಕಿಳಿಸಿದ್ರೆ ರಬ್ಬರ್ ಬುಷ್ ತಿರುಚಿಕೊಂಡು ಹರಿದುಹೋಗುತ್ತೆ" ಎಂದು ಬೈದರು. ಎಲ್ಲ ಸಡಿಲಿಸಿ, ಗಾಡಿಯನ್ನು ನೆಲಕ್ಕಿಳಿಸಿ, ಮತ್ತೆ ಬಿಗಿದೆ. ತಪ್ಪನ್ನು ತಿದ್ದಲು ನಮಗೆ ಅರ್ಧ ಗಂಟೆ ಹಿಡಿಯಿತು. ತಮ್ಮ ತಪ್ಪಿಗೆ ವರ್ಷವಾಯಿತು, ಇನ್ನೂ ಕಡತ ತೆರೆದಿಲ್ಲ.

ಕೊನೆಗೆ ಇವರು ಎಡಗೈಯಿಂದ ಹಿಂಭಾಗವನ್ನು ಜೋರಾಗಿ ಒತ್ತಿ ಬಿಟ್ಟರು. ಗಾಡಿ ಒಂದು ಸಲ ಎದ್ದು ನಿಂತಿತು, ಎರಡನೆಯ ಸಲ ಕುಣಿಯಲಿಲ್ಲ. ಅದೇ ಪರೀಕ್ಷೆಯನ್ನು ತಮ್ಮ ಗುಮಾಸ್ತರ ಮುಂದೆಯೂ ಮಾಡಿ ತೋರಿಸಿದೆವು.

"ಗಾಡಿ ಚೆನ್ನಾಗೇ ಇದೆ ಮೇಡಂ. ಆದ್ರೆ ಮೊಹರು ಇಲ್ವಲ್ಲ."

"ಒಂದ್ಸಲ ಬಗ್ಗಿ ನೋಡಿ ಸರ್."

"ಬಗ್ಗಿ ನೋಡೋಕೆ ನಮಗೆ ಆದೇಶ ಇಲ್ಲ."

ಇನ್ನು ಸಹಿ. ಬಲಗೈ ಹೋದ ಮೇಲೆ ಇವರು ಶಾಲೆಯ ಕಾಪಿ ಪುಸ್ತಕ ತಂದು ಎಡಗೈಯಲ್ಲಿ ತಮ್ಮದೇ ಹೆಸರು ಬರೆಯಲು ಕಲಿತರು. ನಾಲ್ಕು ತಿಂಗಳು. ಆ ಸಹಿಯನ್ನು ಗುಮಾಸ್ತರು ಕಡತದ ಪಕ್ಕದಲ್ಲಿಟ್ಟು, "ಇದು ಮಾಲೀಕರ ಸಹಿ ಅಲ್ಲ" ಎಂದರು. ಮಾಲೀಕರು ಎದುರಿಗೇ ನಿಂತಿದ್ದರು. ಇವರು ಜಗಳವಾಡಲಿಲ್ಲ, ಬಲಗೈಯನ್ನು ಜೇಬಿಗೆ ಸೇರಿಸಿಕೊಂಡರು. ದಾರಿಯಲ್ಲಿ ಮಾತ್ರ, "ಅವರು ಹೇಳಿದ್ದು ಸರಿ ಕಣೇ, ಅದು ನನ್ನ ಸಹಿ ಅಲ್ಲ" ಎಂದರು. ನಾನು ಗಾಡಿ ಬದಿಗೆ ನಿಲ್ಲಿಸಿ ಅತ್ತೆ.

ಆ ಕೈಯಲ್ಲಿ ಇವರು ಇನ್ನು ಗಾಜು ಕತ್ತರಿಸುವಂತಿಲ್ಲ. ಬೇರೆಯವರ ಗಾಜನ್ನು ನಾನು ಸಾಗಿಸಿದರಷ್ಟೇ ಮನೆ ನಡೆಯುತ್ತದೆ. ಅರ್ಹತಾ ಪತ್ರವಿಲ್ಲದೆ ಗಾಡಿ ಬಾಗಿಲಲ್ಲಿ ನಿಂತಿದೆ.

ನನಗೆ ದಯೆ ಬೇಡ. ತಾವೇ ಬಂದು ಗಾಡಿಯ ಕೆಳಗೆ ಮಲಗಿ ನೋಡಿರಿ, ಗೋಣಿಚೀಲ ನಾನೇ ಹಾಸುತ್ತೇನೆ. ಬಣ್ಣ ಬಳಿದ ಆ ಹಳೆಯ ಜೋಡಿಯನ್ನು ಜೋಪಾನವಾಗಿ ಇಟ್ಟಿದ್ದೇನೆ, ಅದಕ್ಕೆ ಯಾರು ಮೊಹರು ಒತ್ತಿದರು, ತಮ್ಮಲ್ಲಿ ಯಾರು ಒಪ್ಪಿದರು ಎಂದು ಲಿಖಿತವಾಗಿ ತಿಳಿಸಿ. ಕೊನೆಯದಾಗಿ, ಅರ್ಜಿಯ ಮೇಲೆ 'ಸಹಿ ಹೊಂದುವುದಿಲ್ಲ' ಎಂದು ಬರೆದಿದ್ದೀರಲ್ಲ, ಅದರ ಪಕ್ಕದಲ್ಲೇ, ಅದೇ ಶಾಯಿಯಲ್ಲಿ, ಏಕೆ ಹೊಂದುವುದಿಲ್ಲ ಎಂದೂ ಬರೆಯಿರಿ.

ಇಂತಿ,
ಮೊಹರಿಲ್ಲದ ಮೆಕ್ಯಾನಿಕ್
(ಪತ್ರ ಓದಿ ಒಪ್ಪಿದ ಮಾಲೀಕರ ಸಹಿ ಕೆಳಗಿದೆ. ಎಡಗೈಯದು.)