ನುಣ್ಣಗಾದ ಬೆಟ್ಟ

ಮನೆಯಿಂದ, ಮಾರ್ಚ್ ೯
ಭಾನುವಾರ ಬೆಳಿಗ್ಗೆ

ಪ್ರೀತಿಯ ಗುಬ್ಬಿ,

ಹೇಗಿದ್ದೀಯಮ್ಮ? ಕೆಮ್ಮು ವಾಸಿಯಾಯಿತೇ? ಹೊತ್ತು ಹೊತ್ತಿಗೆ ಊಟ ಮಾಡು, ಆಫೀಸಿನ ಕೆಲಸ ಎಲ್ಲಿಗೂ ಓಡಿಹೋಗುವುದಿಲ್ಲ. ಇಲ್ಲಿ ನಾನು, ನಿಮ್ಮಮ್ಮ ಕ್ಷೇಮ. ನನ್ನ ಮಂಡಿ ಮಾತ್ರ ಏಣಿ ಕಂಡರೆ ಮುಷ್ಕರ ಹೂಡುತ್ತದೆ. ಮೂವತ್ತೆಂಟು ವರ್ಷ ಊರವರ ಗೋಡೆಗಳಿಗೆ ಬಣ್ಣ ಹೊಡೆದವನು ಈಗ ಮನೆಯಲ್ಲಿ ಕೂತು ನಿಮ್ಮಮ್ಮನ ಬಾಯಿಗೆ ಆಹಾರವಾಗಿದ್ದೇನೆ.

ಮುಂದಿನದನ್ನು ಓದಿ ನಗಬೇಡ. ಅಟ್ಟದ ಮೇಲೆ ನೀನು ಬಿಟ್ಟುಹೋದ ಎಣ್ಣೆಬಣ್ಣದ ಪೆಟ್ಟಿಗೆ ಇಳಿಸಿಕೊಂಡು, ಬೀದಿ ಕೊನೆಯ ಡ್ರಾಯಿಂಗ್ ಮೇಷ್ಟರ ಹತ್ತಿರ ಬೆಟ್ಟದ ಚಿತ್ರ ಬರೆಯಲು ಕಲಿಯುತ್ತಿದ್ದೇನೆ. "ಅರವತ್ತಕ್ಕೆ ಅರಳು ಮರಳು ಅಂತಾರೆ, ನಿಮಗೆ ಎರಡು ವರ್ಷ ತಡವಾಗಿ ಬಂತು" ಎಂದಳು ನಿಮ್ಮಮ್ಮ. ಆದರೂ ಕಚ್ಚಿಕೊಂಡಿದ್ದ ಟ್ಯೂಬಿನ ಮುಚ್ಚಳಗಳನ್ನು ಬಿಸಿನೀರಿನಲ್ಲಿಟ್ಟು ಬಿಡಿಸಿಕೊಟ್ಟವಳು ಅವಳೇ. ಬಿಳಿ ಬಣ್ಣ ಒಣಗಿ ಕಲ್ಲಾಗಿತ್ತು, ಹೊಸದು ತಂದೆ. ನಿನ್ನ ನೀಲಿ ಇನ್ನೂ ಮೆತ್ತಗಿದೆ.

ಮೊದಲ ದಿನವೇ ಮಾನ ಹೋಯಿತು. ಮೊದಲು ಆಕಾಶ, ಆಮೇಲೆ ದೂರದ ಬೆಟ್ಟ, ಕೊನೆಗೆ ಹತ್ತಿರದ ಬಂಡೆ ಎಂದು ಹೇಳಿಕೊಟ್ಟು ಮೇಷ್ಟರು ಒಳಗೆ ಹೋದರು. ಹಾಗೆಯೇ ಬರೆದೆ, ಆದರೆ ಬಂಡೆಗಳ ಮೇಲೆ ಬ್ರಷ್ಷಿನ ಗೆರೆ ಎದ್ದು ಕಾಣುತ್ತಿತ್ತು. ನಮ್ಮ ಕಸುಬಿನಲ್ಲಿ ಗೆರೆ ಉಳಿದರೆ ಮನೆಯವರು ಸುಮ್ಮನೆ ಬಿಡುತ್ತಾರೆಯೇ? ಹುಟ್ಟುಗುಣ ಸುಟ್ಟರೂ ಹೋಗದು ನೋಡು, ಅಗಲ ಬ್ರಷ್ ತೆಗೆದುಕೊಂಡು ಎಳೆದೇ ಎಳೆದೆ. ಮೇಷ್ಟರು ಬರುವಷ್ಟರಲ್ಲಿ ಬೆಟ್ಟ, ಬಂಡೆ ಎಲ್ಲವೂ ಒಂದೇ ಬೂದು. "ದೂರದ ಬೆಟ್ಟ ನುಣ್ಣಗೆ ಅಂತಾರೆ, ಸರಿ. ನೀವು ಹತ್ತಿರದ್ದನ್ನೂ ನುಣ್ಣಗೆ ಮಾಡಿಟ್ಟಿದೀರಲ್ಲ ಯಜಮಾನ್ರೇ!" ಎಂದರು. ಆಮೇಲೆ ಮೆಲ್ಲಗೆ, "ಗೆರೆ ಅಳಿಸ್ಬೇಡಿ. ಆ ಗೆರೆನೇ ಬಂಡೆ" ಎಂದರು.

ಆ ಮಾತು ಕೇಳಿ ನಿನ್ನ ನೆನಪಾಯಿತು. ಹದಿನಾರನೆಯ ವಯಸ್ಸಿನಲ್ಲಿ ನೀನು ನಡುಮನೆಯ ಗೋಡೆಯ ಮೇಲೆ ಇದೇ ಬಣ್ಣಗಳಲ್ಲಿ ಬೆಟ್ಟ ಬರೆದಿದ್ದೆ. ಹಿಂದಿನ ವಾರವಷ್ಟೇ ನಾನು ಬಣ್ಣ ಹೊಡೆದಿದ್ದ ಗೋಡೆ ಅದು. "ಪೇಂಟರ್ ಮನೆ ಗೋಡೇನೇ ಹೀಗಾದ್ರೆ ನನಗ್ಯಾರು ಕೆಲಸ ಕೊಡ್ತಾರೆ?" ಎಂದು ಕೂಗಾಡಿ, ಅದು ಒಣಗಿದ್ದೇ ತಡ ಎರಡು ಕೋಟ್ ಬಿಳಿ ಬಳಿದುಬಿಟ್ಟೆ. ನೀನು ಅಳಲಿಲ್ಲ. ಪೆಟ್ಟಿಗೆ ಅಟ್ಟ ಸೇರಿತು, ನೀನು ಮತ್ತೆ ಬ್ರಷ್ ಮುಟ್ಟಲಿಲ್ಲ. ತಪ್ಪು ನನ್ನದು ಮಗಳೇ. ಹನ್ನೊಂದು ವರ್ಷ ತಡವಾಗಿ ಹೇಳುತ್ತಿದ್ದೇನೆ.

ಈಗ ನನ್ನ ಬಂಡೆಗಳು ಬಂಡೆಗಳಂತಿವೆ. ಮರಗಳು ಮಾತ್ರ ಪೊರಕೆ ನಿಲ್ಲಿಸಿದ ಹಾಗಿವೆಯೆಂದು ನಿಮ್ಮಮ್ಮನ ಅಭಿಪ್ರಾಯ. ನಿನಗೆ ಒಳ್ಳೆಯದಾಗಲಿ, ಬಿಸಿನೀರು ಕುಡಿ.

ನಿನ್ನ
ಅಪ್ಪ

ತಾ.ಕ.: ಹೇಳಬೇಕಾದದ್ದೇ ಉಳಿಯಿತು. ಅಂದು ಕೋಪದಲ್ಲಿ ಗೋಡೆಯನ್ನು ಉಜ್ಜದೆಯೇ ಬಿಳಿ ಬಳಿದಿದ್ದೆ, ಸರಿಯಾಗಿ ಕಚ್ಚಿಕೊಂಡಿಲ್ಲ. ನನ್ನ ಜೀವಮಾನದಲ್ಲೇ ಕೆಟ್ಟ ಕೆಲಸ, ಸದ್ಯ! ಮೊನ್ನೆಯಿಂದ ಪುಟ್ಟಿ ಬ್ಲೇಡಿನಲ್ಲಿ ಆ ಬಿಳಿಯನ್ನು ಮೆಲ್ಲಗೆ ಎಬ್ಬಿಸುತ್ತಿದ್ದೇನೆ, ಸಿಪ್ಪೆಯ ಹಾಗೆ ಬರುತ್ತಿದೆ. ನಿನ್ನ ನೀಲಿ ಶಿಖರ ಕಂಡಿತು, ಬ್ರಷ್ಷಿನ ಗೆರೆಗಳ ಸಮೇತ. ಬಲಗಡೆಯ ಬಂಡೆಯಲ್ಲಿ ಮಾತ್ರ ಅಂಗೈಯಗಲ ನಿನ್ನ ಬಣ್ಣವೂ ಕಿತ್ತುಬಂದಿದೆ. ಅದನ್ನು ನಾನು ಮುಟ್ಟುವುದಿಲ್ಲ. ಪೆಟ್ಟಿಗೆ ಅದರ ಕೆಳಗೇ ಇಟ್ಟಿದ್ದೇನೆ, ಬಾ.